ಪರದೆಯ ಕೆಳಗಿನ ಎರಡು ಸಾಲು

(ನಮ್ಮೂರ ಚಿತ್ರಸಮಾಜದ ಹೊಸ ಸರಣಿ ಶುರುವಾಗುವ ಮೊದಲು ಸದಸ್ಯರ ಎದುರು ಆಡಿದ ಮಾತು. ಬರೆದಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸರಣಿಯ ಪಟ್ಟಿಯನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ ದಿನ ನಮ್ಮ ಹಿರಿಯ ಸದಸ್ಯರೊಬ್ಬರು ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. "ಇಟಲಿ, ಸೆನೆಗಲ್, ಇರಾನ್, ಜಪಾನ್. ಸರಿ. ಆದ್ರೆ ಕೆಳಗೆ ಓಡೋ ಇಂಗ್ಲಿಷ್ ಓದಿ ಮುಗಿಸೋದ್ರೊಳಗೆ ಮೇಲಿನ ಚಿತ್ರ ಹೋಗಿಬಿಡುತ್ತಲ್ಲ ಮಾರಾಯ್ರೆ" ಅಂದರು. ಇವತ್ತು ನಾನು ಮಾತಾಡೋದು ಹೆಚ್ಚುಕಡಿಮೆ ಅದರ ಬಗ್ಗೆಯೇ.

ಅವರೇನು ಇಂಗ್ಲಿಷ್ ಬಾರದವರಲ್ಲ. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಡತ ನೋಡಿದವರು. ಕಡತ ಓದೋದು ಬೇರೆ, ಸಿನಿಮಾದ ವೇಗಕ್ಕೆ ಓದೋದು ಬೇರೆ. ಅವರಿಗೇ ಹೀಗಾದರೆ ಇನ್ನು ಅವರ ಮನೆಯವರಿಗೆ? ಬಸ್‌ಸ್ಟ್ಯಾಂಡ್ ಪಕ್ಕದ ಟೈಲರ್‌ಗೆ? ಅಂಗನವಾಡಿ ಟೀಚರಿಗೆ? ಇವರ್ಯಾರೂ ನಮ್ಮ ಪ್ರದರ್ಶನಕ್ಕೆ ಯಾಕೆ ಬರೋದಿಲ್ಲ ಅಂತ ಸಮಿತಿಯಲ್ಲಿ ಎಷ್ಟೋ ಸಲ ತಲೆ ಕೆರೆದುಕೊಂಡಿದ್ದೇವೆ. "ಜನಕ್ಕೆ ಅಭಿರುಚಿ ಇಲ್ಲ" ಅನ್ನೋದು ನಮ್ಮಂಥವರ ಬಾಯಲ್ಲಿ ಸದಾ ರೆಡಿ ಇರೋ ಉತ್ತರ. ನಾನು ಅದನ್ನು ಒಪ್ಪೋದಿಲ್ಲ. ಅಭಿರುಚಿಯ ಮಾತು ಆಮೇಲೆ, ಮೊದಲು ಬಾಗಿಲ ಚಿಲಕ ತೆಗೀಬೇಕು.

ಹಾಗಾಗಿ ಈ ಸಲದ ಎಂಟು ಚಿತ್ರಗಳಲ್ಲಿ ಎರಡು ಕನ್ನಡದವು, ಉಳಿದ ಆರಕ್ಕೂ ಕನ್ನಡ ಸಬ್‌ಟೈಟಲ್ ಇರುತ್ತದೆ. ಅದನ್ನು ಮಾಡಿದವರು ಇಲ್ಲೇ ಮುಂದಿನ ಸಾಲಲ್ಲಿ ಕೂತಿದ್ದಾರೆ. ಅದು ಹೇಗೆ ಮಾಡಿದ್ದು ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ದೇಶದಲ್ಲಿ ಫಿಲಂ ಸೊಸೈಟಿ ಅಂದ ಕೂಡಲೇ ಎಲ್ಲರೂ ಹೇಳೋದು 1947ರ ಕಲ್ಕತ್ತಾ ಫಿಲಂ ಸೊಸೈಟಿಯ ಹೆಸರು. ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಟ್ಟಿದ್ದು. ರಾಯ್ ಆಗ ಜಾಹೀರಾತು ಕಂಪನಿಯ ಕಲಾವಿದ. 1950ರಲ್ಲಿ ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋದವರು ಅಲ್ಲಿ 'ಬೈಸಿಕಲ್ ಥೀವ್ಸ್' ನೋಡಿದರು. ತಮ್ಮ ಮೊದಲ ಚಿತ್ರ 'ಪಥೇರ್ ಪಾಂಚಾಲಿ'ಯನ್ನು ಹೇಗೆ ತೆಗೆಯಬೇಕು ಅನ್ನೋದು ಆಗ ಅವರಿಗೆ ಗಟ್ಟಿಯಾಯಿತು. ಬೀದಿಯಲ್ಲೇ ಶೂಟಿಂಗ್, ಗೊತ್ತಿಲ್ಲದ ಮುಖಗಳು, ಇದ್ದಷ್ಟು ದುಡ್ಡು. 1952ರಲ್ಲಿ ಮೊದಲ ದಿನ ಬಿಳಿ ಕಾಶ ಹೂವಿನ ಬಯಲಲ್ಲಿ ಅಕ್ಕ ತಮ್ಮನ ದೃಶ್ಯ ಅರ್ಧ ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ಹೂವಷ್ಟನ್ನೂ ದನ ಮೇಯ್ದುಬಿಟ್ಟಿದ್ದವು! ಉಳಿದ ಅರ್ಧಕ್ಕೆ ಮತ್ತೆ ಹೂ ಬಿಡೋವರೆಗೆ ಕಾಯಬೇಕಾಯಿತು. ಚಿತ್ರ ಮುಗಿದು ತೆರೆ ಕಂಡಿದ್ದು 1955ರಲ್ಲಿ. ಈ ಕಥೆ ನಿಮಗೆ ಗೊತ್ತೇ ಇದೆ. ಒಂದು ಊರಲ್ಲಿ ನಾಲ್ಕು ಜನ ಕೂತು ಹೊರಗಿನ ಸಿನಿಮಾ ನೋಡಿದರೆ ಆ ಊರಿನ ಸಿನಿಮಾಕ್ಕೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಡ ಅಂತ ಅಷ್ಟೇ ಹೇಳಿದೆ. ಕೇರಳದಲ್ಲೂ ಹೀಗೇ. 1965ರಲ್ಲಿ ಚಿತ್ರಲೇಖಾ ಫಿಲಂ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು ಮುಂದೆ ಮಲಯಾಳಂನ ಹೆಸರಾಂತ ನಿರ್ದೇಶಕರಾದ ಅಡೂರ್ ಗೋಪಾಲಕೃಷ್ಣನ್.

ಆದರೆ ಇವೆಲ್ಲ ದೊಡ್ಡ ಊರುಗಳ ಕಥೆ. ನಮಗೆ ಬೇಕಾದ ಕಥೆ ಇಲ್ಲೇ ಪಕ್ಕದಲ್ಲಿದೆ. ಹೆಗ್ಗೋಡಿನ ನೀನಾಸಂ 1949ರಲ್ಲಿ ನಾಟಕಕ್ಕೆ ಅಂತ ಶುರುವಾಗಿದ್ದು. 1973ರಲ್ಲಿ ಅಲ್ಲಿ ಚಿತ್ರಸಮಾಜ ಬಂತು. 1979ರಲ್ಲಿ ಪುಣೆಯವರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರ ಶುರುವಾಯಿತು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದ ಸತೀಶ್ ಬಹಾದೂರ್ ಅಡಿಕೆ ಬೆಳೆಯೋ ಹಳ್ಳಿಗೆ ಬಂದು ಸಿನಿಮಾ ನೋಡೋದು ಹೇಗೆ ಅಂತ ಹೇಳಿಕೊಟ್ಟರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪೇಟೆಯ ಪತ್ರಿಕೆಗಳಿಗೆ ದೊಡ್ಡ ಆಶ್ಚರ್ಯ. ರೈತರು, ಹೆಂಗಸರು, ಮೇಷ್ಟ್ರುಗಳು ಕೂತು ಜಪಾನಿನ ನಿರ್ದೇಶಕ ಕುರೊಸಾವಾ ಚಿತ್ರ ನೋಡ್ತಾರಂತೆ ಅಂತ. ಅದರಲ್ಲಿ ಆಶ್ಚರ್ಯ ಏನಿದೆ? ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿ, ಬೆಳಗ್ಗೆ ಎದ್ದು ಕರ್ಣನದ್ದು ತಪ್ಪೋ ಕೃಷ್ಣನದ್ದು ತಪ್ಪೋ ಅಂತ ಜಗಳ ಆಡೋ ಜನ ನಾವು. ನೋಡೋ ತಾಕತ್ತು ಮೊದಲಿಂದಲೂ ಇತ್ತು. ಸುಬ್ಬಣ್ಣ ಮಾಡಿದ್ದು ಏನು ಅಂದ್ರೆ, ಚಿತ್ರದ ಪರಿಚಯ ಕನ್ನಡದಲ್ಲಿ, ಚರ್ಚೆ ಕನ್ನಡದಲ್ಲಿ, ಓದೋ ಪುಸ್ತಕ ಕನ್ನಡದಲ್ಲಿ ಆಗೋ ಹಾಗೆ ನೋಡಿಕೊಂಡರು. ಆ ಮೂರು ಕನ್ನಡಗಳೇ ಅಲ್ಲಿನ ಗುಟ್ಟು ಅಂತ ನನ್ನ ನಂಬಿಕೆ.

ಆ ಕಾಲದ ಕಷ್ಟ ಬೇರೆ ಥರದ್ದು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ 16 ಎಂಎಂ ಪ್ರಿಂಟು ತಗಡಿನ ಡಬ್ಬಗಳಲ್ಲಿ ಬರಬೇಕಿತ್ತು. ಅಲ್ಲಿನ ಪಿ.ಕೆ. ನಾಯರ್ ಕೇಳಿದವರಿಗೆ ಕೊಡುವ ಮನಸ್ಸಿನವರು. ದೊಡ್ಡ ರೀಲು ಅಂದರೂ ಮುಕ್ಕಾಲು ಗಂಟೆ ಓಡುತ್ತಿತ್ತು, ಆಮೇಲೆ ದೀಪ ಹಾಕಿ ರೀಲು ಬದಲಾಯಿಸಬೇಕು. ಆ ಐದು ನಿಮಿಷದಲ್ಲಿ ಜನ ಬೀಡಿ ಸೇದಿ, ಕವಳ ಹಾಕಿ, ಅರ್ಧ ಚಿತ್ರದ ವಿಮರ್ಶೆ ಮುಗಿಸಿರುತ್ತಿದ್ದರು. ಈಗ ರೀಲು ಇಲ್ಲ. ಎಲ್ಲ ಮೊಬೈಲಲ್ಲೇ ಸಿಗುತ್ತೆ, ಮತ್ಯಾಕೆ ಈ ಸಮಾಜ ಅಂತ ಹುಡುಗರು ಕೇಳ್ತಾರೆ. ಸಿಗುತ್ತೆ, ಹೌದು. ಇಂಗ್ಲಿಷ್ ಸಾಲುಗಳ ಜೊತೆ ಸಿಗುತ್ತೆ.

ಇನ್ನು ಪಟ್ಟಿಗೆ ಬರ್ತೀನಿ.

ಚಿತ್ರಗಳನ್ನು ಜೋಡಿ ಜೋಡಿಯಾಗಿ ಇಟ್ಟಿದ್ದೇವೆ. ಮೊದಲ ಜೋಡಿ ಡಿ ಸೀಕಾ ಅವರ 1948ರ 'ಬೈಸಿಕಲ್ ಥೀವ್ಸ್' ಮತ್ತು ರಾಮ್ ರೆಡ್ಡಿಯವರ 2015ರ 'ತಿಥಿ'. ಎರಡರಲ್ಲೂ ನಟರಲ್ಲದವರೇ ನಟರು. ಇಟಲಿಯ ಚಿತ್ರಕ್ಕೆ ಹಾಲಿವುಡ್ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ದುಡ್ಡು ಹಾಕಲು ತಯಾರಿದ್ದರು, ಆದರೆ ಕ್ಯಾರಿ ಗ್ರಾಂಟ್ ನಾಯಕನಾಗಬೇಕಿತ್ತು. ಡಿ ಸೀಕಾ ಒಪ್ಪಲಿಲ್ಲ. ಲಾಂಬೆರ್ತೊ ಮಾಜೊರಾನಿ ಅನ್ನೋ ಕಾರ್ಖಾನೆ ಕೆಲಸಗಾರನನ್ನು ಹಾಕಿಕೊಂಡರು. 'ತಿಥಿ'ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಇದ್ದಾರೆ. ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದನೇ ದಿನದ ತಿಥಿಯವರೆಗಿನ ಕಥೆ. ಅವನ ಮಗ ಗಡ್ಡಪ್ಪನಿಗೆ ಜಮೀನು ಬೇಡ, ಆಸ್ತಿ ಬೇಡ, ಸುಮ್ನೆ ನಡೀತಾ ಹೋಗೋದು ಒಂದೇ ಕೆಲಸ. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಅದೇ ಜಮೀನು ಮಾರಿ ಕೈಯಲ್ಲಿ ಕಾಸು ನೋಡುವ ಆತುರ. ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ ಪ್ರಶಸ್ತಿ ಗೆದ್ದ ಈ ಚಿತ್ರಕ್ಕೂ ಕನ್ನಡ ಸಬ್‌ಟೈಟಲ್ ಬೇಕು ಅಂತ ನಮ್ಮ ಮಲೆನಾಡಿನವರೊಬ್ಬರು ಕೇಳಿದರು. ತಮಾಷೆ ಮಾಡಿದರು ಅಂದುಕೊಂಡಿದ್ದೇನೆ.

'ಬೈಸಿಕಲ್ ಥೀವ್ಸ್' ಹಿಂದೊಮ್ಮೆ ಇಲ್ಲೇ ಇಂಗ್ಲಿಷ್ ಸಾಲುಗಳ ಜೊತೆ ತೋರಿಸಿದ್ದೆವು. ಚರ್ಚೆಯಲ್ಲಿ ಎಲ್ಲರೂ ನವವಾಸ್ತವವಾದ, ಯುದ್ಧಾನಂತರದ ಯುರೋಪು ಅಂತ ಮಾತಾಡುವಾಗ ಸೈಕಲ್ ಶಾಪ್ ಇಟ್ಟುಕೊಂಡ ಒಬ್ಬರು ಎದ್ದು, "ಅಲ್ಲ, ಅವನು ಬೀಗ ಯಾಕೆ ಹಾಕಲಿಲ್ಲ?" ಅಂದರು. ಎಲ್ಲರೂ ನಕ್ಕರು. ನನಗೆ ಆ ಸಂಜೆಯ ಬೇರೆ ಮಾತು ಯಾವುದೂ ನೆನಪಿಲ್ಲ, ಇದೊಂದು ಉಳಿದಿದೆ. ಯಾಕಂದ್ರೆ ಡಿ ಸೀಕಾ ನಾವು ಹಾಗೇ ಯೋಚಿಸಲಿ ಅಂತಲೇ ಚಿತ್ರ ಕಟ್ಟಿದ್ದಾರೆ. ಕಳ್ಳತನಕ್ಕೂ ಮುಂಚೆ ಒಂದು ದೃಶ್ಯ ಇದೆ, ಈ ಸಲ ಗಮನಿಸಿ. ನಾಯಕ ಆಂತೋನಿಯೊನ ಹೆಂಡತಿ ಮರಿಯಾ ಕಣಿ ಹೇಳುವವಳ ಮನೆಗೆ ಹೋಗುತ್ತಾಳೆ. ಸ್ವಲ್ಪ ಹೊತ್ತು ಕಾದು ಆಂತೋನಿಯೊ ಅವಳನ್ನು ಹುಡುಕಿಕೊಂಡು ಮಹಡಿ ಹತ್ತುತ್ತಾನೆ. ಸೈಕಲ್ಲನ್ನು ಬೀದಿಯಲ್ಲಿ ಆಡೋ ಹುಡುಗನೊಬ್ಬನಿಗೆ ನೋಡಿಕೊಳ್ಳೋ ಅಂತ ಹೇಳಿ ಹೋಗುತ್ತಾನೆ. ಹೆಸರು ಕೇಳಿ ಬಂದವರಿಗೆ ಎದೆ ಹೊಡೆದುಕೊಳ್ಳುತ್ತೆ, ಈಗ ಹೋಯ್ತು ಅಂತ. ಹೋಗೋದಿಲ್ಲ. ಸೈಕಲ್ ಅಲ್ಲೇ ಇರುತ್ತೆ. ನಾವು ಉಸಿರು ಬಿಡ್ತೀವಿ. ಮಾರನೇ ದಿನ ಏಣಿ ಹತ್ತಿ ಗೋಡೆಗೆ ಹಾಲಿವುಡ್ ನಟಿ ರೀಟಾ ಹೇವರ್ತ್ ಪೋಸ್ಟರ್ ಹಚ್ಚುವಾಗ ಹೋಗುತ್ತೆ.

ಇನ್ನೊಂದು ದೃಶ್ಯ ಹೇಳಲೇಬೇಕು. ಗಿರವಿ ಇಟ್ಟ ಸೈಕಲ್ ಬಿಡಿಸಲು ದುಡ್ಡಿಲ್ಲ. ಸೈಕಲ್ ಇಲ್ಲದಿದ್ದರೆ ಪೋಸ್ಟರ್ ಹಚ್ಚುವ ಕೆಲಸ ಇಲ್ಲ. ಮರಿಯಾ ಹಾಸಿಗೆ ಮೇಲಿನ ದುಪ್ಪಟಿಗಳನ್ನು ಎಳೆದು ಗಂಟು ಕಟ್ಟುತ್ತಾಳೆ. ಗಿರವಿ ಅಂಗಡಿಯ ಕಿಟಕಿಯಲ್ಲಿ ಅದನ್ನು ಕೊಟ್ಟು ದುಡ್ಡು ತಗೋತಾರೆ. ಆಮೇಲೆ ಒಳಗಿನ ನೌಕರ ಆ ಗಂಟನ್ನು ಎತ್ತಿಕೊಂಡು ಹೋಗಿ ಅಟ್ಟಣಿಗೆ ಹತ್ತುತ್ತಾನೆ. ಹತ್ತುತ್ತಾನೆ, ಇನ್ನೂ ಹತ್ತುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲೇರುತ್ತೆ. ಸೂರಿನವರೆಗೂ ಬರೀ ಗಂಟುಗಳು. ಒಂದೊಂದೂ ಒಂದೊಂದು ಮನೆಯ ಹಾಸಿಗೆ ಬಟ್ಟೆ. ಯುದ್ಧ ಮುಗಿದ ಮೇಲೆ ರೋಮ್‌ನಲ್ಲಿ ಎಷ್ಟು ಬಡತನ ಇತ್ತು ಅಂತ ಯಾವ ಪಾತ್ರವೂ ಬಾಯಿಬಿಟ್ಟು ಹೇಳೋದಿಲ್ಲ. ಆ ಕಪಾಟು ಹೇಳುತ್ತೆ. ನಿಜ ಹೇಳಬೇಕಂದ್ರೆ ಆ ದೃಶ್ಯಕ್ಕೆ ಸಬ್‌ಟೈಟಲ್ಲೇ ಬೇಕಿಲ್ಲ. ಕೆಳಗಿನ ಇಂಗ್ಲಿಷ್ ಓದುವ ಧಾವಂತದಲ್ಲಿ ಇದ್ದವರಿಗೆ ಮಾತ್ರ ಇಂಥದ್ದು ತಪ್ಪಿಹೋಗುತ್ತೆ. ಆ ಪ್ರದರ್ಶನ ಮುಗಿದ ಮೇಲೆ ನಾಲ್ಕೈದು ಜನರನ್ನು ಕೇಳಿದೆ, ಕಪಾಟು ಕಂಡಿದ್ದು ಒಬ್ಬರಿಗೆ.

ಎರಡನೇ ಜೋಡಿ ಒಬ್ಬರದ್ದೇ ಎರಡು ಚಿತ್ರಗಳು. ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್. ನಾನು ಈ ಸರಣಿಯಲ್ಲಿ ಹಟ ಹಿಡಿದು ಸೇರಿಸಿದ್ದು ಇವರನ್ನೇ.

ಸೆಂಬೆನ್ ಹುಟ್ಟಿದ್ದು 1923ರಲ್ಲಿ. ಶಾಲೆ ಜಾಸ್ತಿ ಕಲಿಯಲಿಲ್ಲ. ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೂಲಿ ಕೆಲಸ ಮಾಡಿದರು. ಅಲ್ಲೇ ಓದಿ, ಬರೆದು, ಫ್ರೆಂಚ್ ಭಾಷೆಯ ಹೆಸರಾಂತ ಕಾದಂಬರಿಕಾರರಾದರು. ಹಾಗೇ ಇದ್ದುಬಿಡಬಹುದಿತ್ತು. ಆದರೆ ಊರಿಗೆ ಮರಳಿದಾಗ ಅವರಿಗೆ ಹೊಳೆದದ್ದು, ತಾನು ಯಾರ ಬಗ್ಗೆ ಬರೆಯುತ್ತಿದ್ದೇನೋ ಆ ಜನ ಇದನ್ನು ಓದಲಾರರು ಅನ್ನೋದು. ನಲವತ್ತರ ಹತ್ತಿರದ ವಯಸ್ಸಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. 1966ರಲ್ಲಿ 'ಬ್ಲ್ಯಾಕ್ ಗರ್ಲ್' ಮಾಡಿದರು. ಸೆನೆಗಲ್ ರಾಜಧಾನಿ ಡಕಾರ್‌ನ ದಿಯುಆನಾ ಅನ್ನೋ ಹುಡುಗಿ ಒಂದು ಫ್ರೆಂಚ್ ಕುಟುಂಬದ ಮಕ್ಕಳನ್ನು ನೋಡಿಕೊಳ್ಳಲು ಅಂತ ಫ್ರಾನ್ಸಿಗೆ ಹೋಗುತ್ತಾಳೆ. ಅಲ್ಲಿ ನೋಡಿದರೆ ಅಡುಗೆ, ಬಟ್ಟೆ, ನೆಲ ಒರೆಸೋದು. ಮನೆಯ ಹೊರಗಿನ ಫ್ರಾನ್ಸ್ ಅವಳು ನೋಡೋದೇ ಇಲ್ಲ. ಒಂದು ಗಂಟೆಯ ಕಪ್ಪು ಬಿಳುಪು ಚಿತ್ರ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನಮ್ಮ ಕಡೆಯಿಂದ ಮನೆಕೆಲಸಕ್ಕೆ ಹೋದ ಹುಡುಗಿಯರನ್ನು ಬಲ್ಲವರಿಗೆ ಇದನ್ನು ನಾನು ವಿವರಿಸೋದು ಬೇಡ.

ಆದರೆ ಆ ಚಿತ್ರದ ಮಾತು ಫ್ರೆಂಚಿನಲ್ಲಿದೆ. ದಿಯುಆನಾ ಮನಸ್ಸಲ್ಲಿ ಅಂದುಕೊಳ್ಳೋದೂ ಫ್ರೆಂಚಿನಲ್ಲೇ. ಫ್ರೆಂಚರ ದುಡ್ಡಿನ ಜೊತೆ ಭಾಷೆಯೂ ಬಂತು. ಎರಡು ವರ್ಷದ ಮೇಲೆ, 1968ರಲ್ಲಿ, 'ಮಂದಾಬಿ' ಮಾಡುವಾಗಲೂ ದುಡ್ಡು ಫ್ರೆಂಚರದ್ದೇ. ಅವರಿಗಾಗಿ ಫ್ರೆಂಚಿನಲ್ಲಿ ಒಂದು ಆವೃತ್ತಿ ತೆಗೆದರು, ತನ್ನ ಜನಕ್ಕಾಗಿ ವೊಲೊಫ್ ಭಾಷೆಯಲ್ಲಿ ಇನ್ನೊಂದು. ಪಶ್ಚಿಮ ಆಫ್ರಿಕಾದ ಜನರಿಗೆ ತಮ್ಮ ಮನೆಮಾತನ್ನು ಪರದೆ ಮೇಲೆ ಪೂರ್ತಿ ಚಿತ್ರದುದ್ದಕ್ಕೂ ಕೇಳುವ ಭಾಗ್ಯ ಮೊದಲು ಕೊಟ್ಟ ಚಿತ್ರಗಳಲ್ಲಿ ಇದು ಮುಖ್ಯವಾದದ್ದು. ನಾವು ತೋರಿಸೋದು ಆ ವೊಲೊಫ್ ಆವೃತ್ತಿಯನ್ನೇ.

'ಮಂದಾಬಿ' ಅಂದರೆ ಮನಿಯಾರ್ಡರ್. ಪ್ಯಾರಿಸ್ಸಿನಲ್ಲಿ ಬೀದಿ ಗುಡಿಸುವ ಸೋದರಳಿಯ 25,000 ಫ್ರಾಂಕ್ ಕಳಿಸುತ್ತಾನೆ. ಅದರಲ್ಲಿ 20,000 ತನಗೇ ಕೂಡಿಡಬೇಕು, 3,000 ತನ್ನ ಅಮ್ಮನಿಗೆ, ಇಬ್ರಾಹಿಮಾ ಮಾವನಿಗೆ ಬರೀ 2,000. ಆದರೆ ದುಡ್ಡು ಬಂತು ಅಂತ ಕೇರಿಗೆಲ್ಲ ಸುದ್ದಿ. ಸಾಲ ಕೇಳುವವರ ಸಾಲು. ಇಬ್ರಾಹಿಮಾ ನಿಲುವಂಗಿ ಹಾಕಿಕೊಂಡು ಗತ್ತಿನಿಂದ ಪೋಸ್ಟ್ ಆಫೀಸಿಗೆ ಹೋಗುತ್ತಾನೆ. ಗುರುತಿನ ಚೀಟಿ ತನ್ನಿ ಅಂತಾರೆ. ಗುರುತಿನ ಚೀಟಿಗೆ ಜನನ ಪತ್ರ ಬೇಕು. ಫೋಟೋ ಬೇಕು, ಸ್ಟಾಂಪು ಬೇಕು. ಜನನ ಪತ್ರಕ್ಕೆ ಹೋದರೆ ಹುಟ್ಟಿದ ತಾರೀಖು ಹೇಳಿ ಅಂತಾರೆ. ಅವನಿಗೇನು ಗೊತ್ತು? ಫೋಟೋ ತೆಗೆಯುವವನು ದುಡ್ಡು ತಗೊಂಡು ಫೋಟೋ ಕೊಡೋದಿಲ್ಲ. ಓದು ಬಾರದ ಈ ಮನುಷ್ಯ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಲೆಯುತ್ತಾ ಹೋದ ಹಾಗೆ ಅವನ ಗತ್ತು ಇಷ್ಟಿಷ್ಟೇ ಇಳಿಯುತ್ತೆ. ನಗು ಬರುತ್ತೆ, ಆಮೇಲೆ ನಗು ನಿಲ್ಲುತ್ತೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಅಂತ ಚಪ್ಪಲಿ ಸವೆಸಿದವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರಿ ಹೇಳಿ! ನಾನು ಕೈ ಎತ್ತಿಸೋದಿಲ್ಲ.

ಸೆಂಬೆನ್ ತಮ್ಮ ಚಿತ್ರಗಳನ್ನು ತಾವೇ ಊರೂರಿಗೆ ಒಯ್ದು ತೋರಿಸಿ, ಜನರ ಜೊತೆ ಕೂತು ಮಾತಾಡುತ್ತಿದ್ದರು. ಅಂಥವರ ಚಿತ್ರವನ್ನು ನಾವು ಇಲ್ಲಿ ಇಂಗ್ಲಿಷ್ ಬಲ್ಲ ಮೂವತ್ತು ಜನಕ್ಕೆ ಮಾತ್ರ ತೋರಿಸಿ ಕೈ ತೊಳೆದುಕೊಂಡರೆ ಅದು ಅವರಿಗೆ ಮಾಡೋ ಅವಮಾನ. ನನಗಂತೂ ಹಾಗೇ ಅನಿಸುತ್ತೆ.

ಮೂರನೇ ಜೋಡಿ ಮಕ್ಕಳದ್ದು. ಇರಾನಿನ ಕಿಯರೊಸ್ತಮಿಯವರ 1987ರ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' ಮತ್ತು ಅಸ್ಸಾಮಿನ ರೀಮಾ ದಾಸ್ ಅವರ 2017ರ 'ವಿಲೇಜ್ ರಾಕ್‌ಸ್ಟಾರ್ಸ್'. ಮೊದಲನೆಯದರಲ್ಲಿ ಅಹ್ಮದ್ ಅನ್ನೋ ಹುಡುಗ ತಪ್ಪಿ ಗೆಳೆಯನ ನೋಟ್‌ಬುಕ್ ತಂದುಬಿಟ್ಟಿದ್ದಾನೆ. ನಾಳೆ ಅದರಲ್ಲಿ ಹೋಂವರ್ಕ್ ಬರೆಯದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕ್ತಾರೆ. ಕೊಟ್ಟು ಬರಬೇಕು, ಅಷ್ಟೇ ಕಥೆ. ಆದರೆ ಯಾವ ದೊಡ್ಡವರೂ ಅವನ ಮಾತು ಕಿವಿಗೆ ಹಾಕಿಕೊಳ್ಳೋದಿಲ್ಲ. ಅಜ್ಜ ಅವನನ್ನು ಸಿಗರೇಟು ತರಲು ಓಡಿಸುತ್ತಾನೆ. ಜೇಬಲ್ಲಿ ಸಿಗರೇಟು ಇದೆ, ಆದರೂ ಹುಡುಗ ಶಿಸ್ತು ಕಲೀಲಿ ಅಂತ. ತಮ್ಮಪ್ಪ ವಾರಕ್ಕೊಂದು ಪುಡಿಗಾಸು, ಎರಡು ವಾರಕ್ಕೊಂದು ಹೊಡೆತ ಕೊಡುತ್ತಿದ್ದರು, ಕಾಸು ಮರೆತರೂ ಹೊಡೆತ ಮರೆಯುತ್ತಿರಲಿಲ್ಲ ಅಂತ ಹೆಮ್ಮೆಯಿಂದ ಹೇಳ್ತಾನೆ. ಈ ಅಜ್ಜನನ್ನು ನೋಡಲು ಇರಾನಿಗೆ ಹೋಗಬೇಕಿಲ್ಲ. 1990ರ ಭೂಕಂಪದಲ್ಲಿ ಆ ಸೀಮೆ ನೆಲಸಮವಾದಾಗ ಕಿಯರೊಸ್ತಮಿ ಚಿತ್ರದ ಹುಡುಗರು ಬದುಕಿದ್ದಾರಾ ಅಂತ ಹುಡುಕಿಕೊಂಡು ಹೋದರು. ಆ ಹುಡುಕಾಟವೇ ಅವರ ಇನ್ನೊಂದು ಚಿತ್ರವಾಯಿತು. ಅದನ್ನು ಮುಂದಿನ ಸರಣಿಗೆ ಇಟ್ಟುಕೊಂಡಿದ್ದೇನೆ.

ರೀಮಾ ದಾಸ್ ಅವರದ್ದು ಇನ್ನೊಂದು ಥರದ ಧೈರ್ಯ. ತಮ್ಮ ಊರಿನಲ್ಲೇ, ಊರ ಮಕ್ಕಳನ್ನೇ ಇಟ್ಟುಕೊಂಡು ವರ್ಷಗಟ್ಟಲೆ ಚಿತ್ರ ತೆಗೆದರು. ಬರೆದಿದ್ದು, ಕ್ಯಾಮೆರಾ ಹಿಡಿದಿದ್ದು, ಕತ್ತರಿಸಿ ಜೋಡಿಸಿದ್ದು, ದುಡ್ಡು ಹಾಕಿದ್ದು ಎಲ್ಲ ಅವರೇ. ಗಿಟಾರ್ ಬೇಕು ಅಂತ ಕನಸು ಕಾಣುವ ಧುನು ಮೊದಲು ಥರ್ಮೊಕೋಲಿನಲ್ಲಿ ಒಂದು ಮಾಡಿಕೊಳ್ಳುತ್ತಾಳೆ. ನೆರೆ ಬಂದು ಬೆಳೆ ಕೊಚ್ಚಿಕೊಂಡು ಹೋಗುತ್ತೆ. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರ ಅಂತ ಬಂತು, ಆಸ್ಕರ್‌ಗೆ ನಮ್ಮ ದೇಶದಿಂದ ಹೋಯಿತು. ಕಾಲೇಜು ಹುಡುಗರು ಇದನ್ನು ತಪ್ಪಿಸಬೇಡಿ. ಸಿನಿಮಾ ಮಾಡೋಕೆ ಗಾಂಧಿನಗರದ ಬಾಗಿಲು ಬಡೀಲೇಬೇಕು ಅಂದುಕೊಂಡವರು ಮುಖ್ಯವಾಗಿ.

ಕೊನೆಯ ಜೋಡಿಯ ಬಗ್ಗೆ ಸಮಿತಿಯಲ್ಲಿ ಜಗಳ ಆಯಿತು. ಜಪಾನಿನ ಒಝು ಅವರ 1953ರ 'ಟೋಕಿಯೋ ಸ್ಟೋರಿ', ಜೊತೆಗೆ ಜೈಶಂಕರ್ ಆರ್ಯರ್ ಅವರ 2022ರ 'ಶಿವಮ್ಮ ಯರೇಹಂಚಿನಾಳ'. ಒಂದರಲ್ಲಿ ಮಕ್ಕಳನ್ನು ನೋಡಲು ಪಟ್ಟಣಕ್ಕೆ ಹೋದ ಮುದುಕ ಮುದುಕಿ. ಮಕ್ಕಳಿಗೆ ಪುರುಸೊತ್ತಿಲ್ಲ, ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಶಾಲೆಯ ಬಿಸಿಯೂಟ ಮಾಡುವ ಹೆಂಗಸು, ನೆಟ್‌ವರ್ಕ್ ಮಾರ್ಕೆಟಿಂಗ್‌ನ ಎನರ್ಜಿ ಡ್ರಿಂಕ್ ಮಾರಿ ಉದ್ಧಾರ ಆಗ್ತೀನಿ ಅಂತ ಹೊರಟವಳು. ಬೂಸಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಪಡೆದ ಚಿತ್ರ. ಎರಡಕ್ಕೂ ಏನು ಸಂಬಂಧ ಅಂತ ನನಗೂ ಸರಿಯಾಗಿ ಹೊಂದಿಕೆಯಾಗಿಲ್ಲ. ಜೋಡಿ ಹಾಕಿದವರು ಚರ್ಚೆಯಲ್ಲಿ ಉತ್ತರ ಹೇಳಲಿ. ಒಝು ಕ್ಯಾಮೆರಾ ಮಾತ್ರ ನೋಡಿ. ನೆಲದ ಮೇಲೆ ಚಾಪೆ ಹಾಸಿ ಕೂತವರ ಕಣ್ಣಿನ ಮಟ್ಟದಲ್ಲಿ ಇರುತ್ತೆ. ಮಣೆ ಮೇಲೆ ಕೂತು ಉಂಡು ಬೆಳೆದ ನಮಗೆ ಅದು ವಿಚಿತ್ರ ಅನಿಸೋದೇ ಇಲ್ಲ.

ಈಗ ಸಬ್‌ಟೈಟಲ್ ಕೆಲಸದ ಮಾತು.

ಮೊದಲು ಒಪ್ಪಿಗೆ. ಮನೆಯಲ್ಲಿ ನೋಡಲು ಕೊಂಡ ಡಿಸ್ಕನ್ನು ಸಭೆಗೆ ತೋರಿಸುವ ಹಕ್ಕು ನಮಗಿರೋದಿಲ್ಲ, ಒಟಿಟಿ ಚಂದಾ ಕಟ್ಟಿದರೂ ಅಷ್ಟೇ. ಹಕ್ಕು ಇರುವವರಿಗೆ ಬರೆದು, ತೋರಿಸಲಿಕ್ಕೂ ಕನ್ನಡ ಸಾಲು ಹಾಕಲಿಕ್ಕೂ ಒಪ್ಪಿಗೆ ಪಡೆಯಬೇಕು. ಇದರಲ್ಲಿ ತಿಂಗಳುಗಳು ಹೋದವು. ನಿಮ್ಮ ಸದಸ್ಯತ್ವದ ದುಡ್ಡಿನಲ್ಲಿ ದೊಡ್ಡ ಪಾಲು ಹೋಗಿರೋದು ಇದಕ್ಕೇ.

ಆಮೇಲೆ ಕೂತು ಬರೆಯೋದು. ಪುಕ್ಕಟೆ ಸಿಗೋ ಸಬ್‌ಟೈಟಲ್ ಎಡಿಟ್ ಅನ್ನೋ ತಂತ್ರಾಂಶ ಸಾಕು. ಪ್ರತಿ ಮಾತಿಗೂ ಒಂದು ನಂಬರು, ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಕೆಳಗೆ ಮಾತು. ಪರದೆ ಮೇಲೆ ಎರಡೇ ಸಾಲು, ಸಾಲಿಗೆ 40ರ ಆಸುಪಾಸು ಅಕ್ಷರ, ಆರೇಳು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅನ್ನೋದು ಇಂಗ್ಲಿಷಿನವರ ರೂಢಿ. ಕನ್ನಡಕ್ಕೆ ಅದು ಹಾಗೇ ಹೊಂದೋದಿಲ್ಲ. ನಮ್ಮ ಪದಗಳು ಉದ್ದ. ಒತ್ತಕ್ಷರ ಕೆಳಗೆ ಇಳಿಯುತ್ತೆ, ಸಾಲುಗಳನ್ನು ಒತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ. ಕೆಲವು ಫಾಂಟುಗಳಲ್ಲಿ ಅಕ್ಷರ ಒಡೆದು ಚೂರಾಗುತ್ತೆ. ಹಾಗಾಗಿ ಆದಷ್ಟೂ ಒಂದೇ ಸಾಲಿಗೆ ಇಳಿಸಿದ್ದೇವೆ. ಮುಖದಲ್ಲೇ ಗೊತ್ತಾಗುವ ಮಾತನ್ನು ಬಿಟ್ಟಿದ್ದೇವೆ. "ಹೌದು", "ಬೇಡ", "ಬಾ" ಇಂಥವನ್ನು ತಲೆ ಅಲ್ಲಾಡಿಸಿದ್ದು ನೋಡಿದರೇ ತಿಳಿಯುತ್ತೆ, ಅಲ್ವಾ?

ಯಾವ ಕನ್ನಡ ಅನ್ನೋದು ಇನ್ನೊಂದು ರಗಳೆ. ರೋಮ್‌ನ ಕೂಲಿಯವನು ಮೈಸೂರಿನ ಮೇಷ್ಟ್ರ ಹಾಗೆ ಮಾತಾಡಿದರೆ ಕೃತಕ. ಧಾರವಾಡದವನ ಹಾಗೆ ಮಾತಾಡಿದರೆ ಅವನು ಧಾರವಾಡದವನೇ ಆಗಿಬಿಡ್ತಾನೆ. ಕೊನೆಗೆ ಯಾವ ಸೀಮೆಗೂ ಸೇರದ, ಆದರೆ ಬಾಯಲ್ಲಿ ಆಡುವಂಥ ಕನ್ನಡಕ್ಕೆ ಬಂದು ನಿಂತೆವು. ಬರೆದಿದ್ದನ್ನೆಲ್ಲ ಚಿತ್ರ ಓಡಿಸಿಕೊಂಡು ಒಬ್ಬರು ಗಟ್ಟಿಯಾಗಿ ಓದಬೇಕು. ಪಾತ್ರ ಬಾಯಿ ಮುಚ್ಚುವ ಹೊತ್ತಿಗೆ ಓದುವವರದ್ದು ಮುಗಿಯದಿದ್ದರೆ ಆ ಸಾಲು ಕತ್ತರಿಗೆ. ನಿವೃತ್ತ ಮೇಷ್ಟ್ರೊಬ್ಬರು ಮತ್ತು ಬಿ.ಎ. ಓದುವ ಹುಡುಗಿಯೊಬ್ಬಳು ಈ ಕೆಲಸ ಮಾಡಿದ್ದು. ಮೇಷ್ಟ್ರು ಬರೆದ ಸಾಲನ್ನು ಹುಡುಗಿ ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಇಟಾಲಿಯನ್, ವೊಲೊಫ್, ಪಾರ್ಸಿ ಬಲ್ಲವರು ನಮ್ಮಲ್ಲಿಲ್ಲ, ಇಂಗ್ಲಿಷಿನಿಂದಲೇ ತಂದಿದ್ದು. ಅಷ್ಟು ಸೋರಿಕೆ ಇದ್ದೇ ಇರುತ್ತೆ.

ಅಷ್ಟಾದರೂ ಓದಲು ಬಾರದವರು ಉಳಿಯುತ್ತಾರಲ್ಲ? ಜಪಾನಿನಲ್ಲಿ ಮೂಕಿ ಚಿತ್ರದ ಕಾಲದಲ್ಲಿ ಪರದೆ ಪಕ್ಕದಲ್ಲಿ ನಿಂತು ಕಥೆ, ಮಾತು ಎಲ್ಲ ಹೇಳುವ ಬೆನ್ಶಿ ಅನ್ನೋ ಕಲಾವಿದರಿದ್ದರು. ಜನ ಅವರ ಹೆಸರು ನೋಡಿ ಟಿಕೆಟ್ ಕೊಳ್ಳುತ್ತಿದ್ದರು. ಕುರೊಸಾವಾ ಅವರ ಅಣ್ಣನೇ ಬೆನ್ಶಿ ಆಗಿದ್ದವರು. ನಮ್ಮಲ್ಲಿ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಿದ್ದಾರೆ. ನಮ್ಮ ಸದಸ್ಯರಲ್ಲೇ ಒಬ್ಬರು, 'ಮಂದಾಬಿ'ಯನ್ನು ಪಕ್ಕದ ಹಳ್ಳಿಯ ಶಾಲೆಯಲ್ಲಿ ಎರಡನೇ ಪ್ರದರ್ಶನ ಮಾಡುವಾಗ ಮೈಕ್ ಹಿಡಿದು ಹೇಳಲು ಒಪ್ಪಿದ್ದಾರೆ. ಷರತ್ತು ಒಂದೇ, ಇಬ್ರಾಹಿಮಾನ ಬಾಯಲ್ಲಿ ಶ್ಲೋಕ ಹಾಕಬಾರದು. ಅವರು ನಗುತ್ತಿದ್ದಾರೆ, ನನಗೆ ಭಯ ಇದ್ದೇ ಇದೆ.

ಸಭಾಂಗಣದ ವಿಷಯ ಎರಡು ಮಾತು. ನಮ್ಮದು ಸಮತಟ್ಟು ನೆಲ, ಮುಂದೆ ಕೂತವರ ತಲೆ ಹಿಂದಿನವರಿಗೆ ಅಡ್ಡ. ಅಡ್ಡ ಬರೋದು ಸರಿಯಾಗಿ ಸಬ್‌ಟೈಟಲ್ ಇರೋ ಜಾಗಕ್ಕೇ. ಅದಕ್ಕೆ ಪರದೆಯನ್ನು ಮೇಲಕ್ಕೆ ಎತ್ತಿ ಕಟ್ಟಿದ್ದೇವೆ, ಕತ್ತು ಸ್ವಲ್ಪ ನೋಯಬಹುದು. ಇನ್ನೊಂದು, ಹಳೆಯ ಚಿತ್ರಗಳು ಹೆಚ್ಚುಕಡಿಮೆ ಚೌಕಾಕಾರ. ಎರಡೂ ಬದಿ ಕಪ್ಪು ಬಿಟ್ಟಿರುತ್ತೆ. ದಯವಿಟ್ಟು ಯಾರೂ ಎದ್ದು ಬಂದು "ಫುಲ್ ಸ್ಕ್ರೀನ್ ಮಾಡಿ ಸಾರ್" ಅನ್ನಬೇಡಿ. ಎಳೆದು ಅಗಲ ಮಾಡಿದರೆ ಹಸಿದ ಆಂತೋನಿಯೊ ಚೆನ್ನಾಗಿ ಉಂಡು ತೇಗಿದವನ ಹಾಗೆ ಕಾಣ್ತಾನೆ.

ಪ್ರಶ್ನೆಗಳಿದ್ದರೆ ಕೇಳಿ.

(ಮಕ್ಕಳನ್ನು ಕರೆತರಬಹುದಾ ಅಂತ ಒಬ್ಬರು ಕೇಳಿದರು.) ಮೂರನೇ ಜೋಡಿಗೆ ಖಂಡಿತ ತನ್ನಿ. 'ಬೈಸಿಕಲ್ ಥೀವ್ಸ್'ಗೂ ತನ್ನಿ, ಅದರಲ್ಲಿ ಬ್ರೂನೊ ಅನ್ನೋ ಹುಡುಗ ಪೆಟ್ರೋಲ್ ಬಂಕಲ್ಲಿ ದುಡಿಯುತ್ತಾನೆ, ಅವನ ಕಣ್ಣಲ್ಲೇ ಅರ್ಧ ಚಿತ್ರ ಇದೆ. 'ಬ್ಲ್ಯಾಕ್ ಗರ್ಲ್'ಗೆ ಚಿಕ್ಕವರು ಬೇಡ, ಕೊನೆ ತುಂಬಾ ಕಠಿಣ.

(ಪ್ರಶಸ್ತಿ ಸಿನಿಮಾ ಅಂದ್ರೆ ನಿದ್ದೆ ಬರುತ್ತಲ್ಲ ಅಂತ ಇನ್ನೊಬ್ಬರು.) ಬಂದರೆ ಮಲಗಿ, ಗೊರಕೆ ಮಾತ್ರ ಬೇಡ. ಎಚ್ಚರವಾದಾಗ ಪಕ್ಕದವರನ್ನು ಕಥೆ ಏನಾಯ್ತು ಅಂತ ಕೇಳಬೇಡಿ, ಸುಮ್ನೆ ಅಲ್ಲಿಂದಲೇ ನೋಡಿ. 'ಟೋಕಿಯೋ ಸ್ಟೋರಿ'ಯಲ್ಲಿ ಅದರಿಂದ ದೊಡ್ಡ ನಷ್ಟವೇನೂ ಆಗೋದಿಲ್ಲ.

(ಸಬ್‌ಟೈಟಲ್‌ನಲ್ಲಿ ತಪ್ಪು ಕಂಡರೆ?) ಬಾಗಿಲ ಹತ್ತಿರ ನೋಟ್‌ಬುಕ್ ಮತ್ತು ಪೆನ್ನು ಇರುತ್ತೆ. ಯಾವ ಚಿತ್ರ, ಯಾವ ದೃಶ್ಯ, ಹೇಗಿದ್ದರೆ ಚೆನ್ನ ಅಂತ ಬರೆದಿಡಿ. ಹಳ್ಳಿಯ ಎರಡನೇ ಪ್ರದರ್ಶನಕ್ಕೆ ಮುಂಚೆ ತಿದ್ದುತ್ತೇವೆ. ಮೊದಲ ಚಿತ್ರ ಈ ಭಾನುವಾರ ಸಂಜೆ, ದೀಪ ಆರಿದ ಮೇಲೆ ಬಾಗಿಲು ತೆಗೆಯೋದಿಲ್ಲ. ಕುರ್ಚಿ ಸಾಲದೆ ಬಂದರೆ ಮುಂದೆ ಚಾಪೆ ಹಾಸಿರುತ್ತೇವೆ.